ಉದ್ದ ಸೀಟಿ

ಅವನನ್ನು ಮನೆಯಲ್ಲಿ ಪುಕ್ಕಲ ಅಂತಲೇ ಕರೆಯುತ್ತಿದ್ದರು. ಅದು ಬೈಗುಳವಲ್ಲ, ಹೆಸರು. ಹಗ್ಗ ಕಂಡರೆ ಹಾವು ಅನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಇವನು ಹಗ್ಗ ಕಾಣದಿದ್ದರೂ ಹಾವು ಅನ್ನುವವನು. ಬಾಗಿಲ ಹಿಂದೆ ನೇತುಹಾಕಿದ ಅಪ್ಪನ ಕೋಟಿಗೆ ಹೆದರುತ್ತಿದ್ದ. ನಲ್ಲಿ ನೀರಿನ ಬದಲು ಗಾಳಿ ಕಾರಿದರೆ ಹೆದರುತ್ತಿದ್ದ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಹೆದರುತ್ತಿದ್ದ, ಯಾಕೆಂದರೆ ಉತ್ತರ ಸರಿಯಾದರೆ ಮೇಷ್ಟ್ರು ಇನ್ನೊಂದು ಪ್ರಶ್ನೆ ಕೇಳುತ್ತಾರೆ.

ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಅಮ್ಮನಿಗೆ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಕೆಲಸ. ಇಬ್ಬರೂ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಅವನನ್ನೂ ಅವನ ತಂಗಿಯನ್ನೂ ಸಾಕಿದವಳು ಅಜ್ಜಿ. ತಂಗಿ ಅಣ್ಣ ಹೋದಲ್ಲೆಲ್ಲ ಹಿಂದೆ ಹೋಗುತ್ತಿದ್ದಳು. ಅದಕ್ಕೇ ಅವಳಿಗೆ ಬಾಲಂಗೋಚಿ ಅಂತ ಹೆಸರು ಬಿದ್ದಿತ್ತು. ಅವಳಿಗೆ ಹೆದರಿಕೆ ಅಂದರೆ ಏನೆಂದೇ ಗೊತ್ತಿರಲಿಲ್ಲ.

"ಇಬ್ಬರಿಗೂ ಸೇರಿಸಿ ಕೊಟ್ಟಿದ್ದ ಹೆದರಿಕೇನ ಅಣ್ಣ ಒಬ್ಬನೇ ನುಂಗಿಬಿಟ್ಟ" ಅನ್ನುತ್ತಿದ್ದಳು ಅಜ್ಜಿ.

ಬೆಳಿಗ್ಗೆ ಸೌದೆ ಒಲೆ ಹಚ್ಚುವುದು ಅವನ ಕೆಲಸ. ಊದುಗೊಳವೆ ಹಿಡಿದು ಫೂ ಫೂ ಫೂ ಅಂತ ಊದುತ್ತಿದ್ದ. ಎಲ್ಲಿ ಕಿಡಿ ಹಾರುತ್ತದೋ ಅಂತ ಅರ್ಧ ಉಸಿರಿಗೇ ಹಿಂದೆ ಸರಿಯುತ್ತಿದ್ದ. ಬೂದಿ ಹಾರುತ್ತಿತ್ತೇ ಹೊರತು ಬೆಂಕಿ ಹತ್ತುತ್ತಿರಲಿಲ್ಲ.

"ಹೆದರಿದ ಕೋಳಿ ಥರ ಪುಸ್ ಪುಸ್ ಅನ್ಬೇಡ ಕಣೋ" ಅನ್ನುತ್ತಿದ್ದಳು ಅಜ್ಜಿ. "ಒಳಗಿರೋದನ್ನೆಲ್ಲ ಮೊದಲು ಹೊರಗೆ ಬಿಡು. ಹೊಟ್ಟೆ ಬೆನ್ನಿಗೆ ಅಂಟ್ಬೇಕು. ಆಮೇಲೆ ತುಂಬ್ಕೊ. ಆಮೇಲೆ ಊದು."

ಅವಳು ಹೇಳಿದಂತೆ ಮಾಡಿದ ದಿನ ಬೆಂಕಿ ಹತ್ತುತ್ತಿತ್ತು.

ಇಂಥವನು ಸ್ಕೌಟ್ ಸೇರಿದ. ಆ ಅಂಗಿಗೆ ಎರಡು ಜೇಬು, ಮುಚ್ಚಳ ಬೇರೆ. ಅದರ ಆಸೆಗೇ ಸೇರಿದ. ಸೇರಿದ ಮೇಲೆ ಗಂಟು ಹಾಕುವುದು ಚೆನ್ನಾಗಿ ಕೈಗೆ ಹತ್ತಿತು. ಗಂಟು ಕಚ್ಚುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ. ಹೀಗೇ ಹಿಂದಿನ ಸಾಲಿನಲ್ಲಿ ಗಂಟು ಹಾಕಿಕೊಂಡು ಇದ್ದುಬಿಡುತ್ತಿದ್ದನೇನೋ. ಅಷ್ಟರಲ್ಲಿ ಅವರ ಗುಂಪಿನ ಲೀಡರ್ ಹುಡುಗನ ಅಪ್ಪನಿಗೆ ಬೇರೆ ಊರಿಗೆ ವರ್ಗವಾಯಿತು. ಸ್ಕೌಟ್ ಮೇಷ್ಟ್ರು ಸೀಟಿ ತಂದು ಪುಕ್ಕಲನ ಕೊರಳಿಗೆ ಹಾಕಿದರು.

ಗುಂಪಿನಲ್ಲಿ ಒಬ್ಬ ದಪ್ಪ ಹುಡುಗನಿದ್ದ. ಅವನನ್ನು ಗುಡಾಣ ಅಂತ ಕರೆಯುತ್ತಿದ್ದರು. ಅವನಿಗೆ ನಗು ತಡೆಯಲಿಲ್ಲ. "ಸಾರ್, ಇವನು ತನ್ನ ನೆರಳಿಗೇ ಸೆಲ್ಯೂಟ್ ಹೊಡೀತಾನೆ."

"ಹೆದರೋನು ನೋಡಿ ಹೆಜ್ಜೆ ಇಡ್ತಾನೆ" ಅಂದರು ಮೇಷ್ಟ್ರು. "ನಿನ್ನ ಥರ ಬಿದ್ದ ಮೇಲೆ ಗುಂಡಿ ಇತ್ತು ಅನ್ನಲ್ಲ."

ಸ್ಕೌಟಿನಲ್ಲಿ ಗುಂಪಿನ ಲೀಡರಿಗೆ ಪೆಟ್ರೋಲ್ ಲೀಡರ್ ಅನ್ನುತ್ತಾರೆ, ಮನೆಯಲ್ಲಿ ಅಜ್ಜಿಗೆ ಅದನ್ನು ತಿಳಿಸುವಷ್ಟರಲ್ಲಿ ಸಾಕಾಯಿತು. "ಪೆಟ್ರೋಲ್ ಲೀಡರಂತೆ. ಮೂಲೆ ಅಂಗಡಿಯಿಂದ ಸೀಮೆಎಣ್ಣೆ ತಾ ಅಂದ್ರೆ ನಾಯಿ ಇದೆ ಅಂತಾನೆ" ಅಂದಳು. ಅಂದವಳೇ ಅಂಗಿಯ ಜೇಬಿಗೆ ಇಸ್ತ್ರಿ ಮಾಡಿ ಕೊಟ್ಟಳು.

ಸೀಟಿಗೆ ಮಾತು ಎರಡೇ. ಗಿಡ್ಡ ಗಿಡ್ಡವಾಗಿ ಬೇಗ ಬೇಗ ಊದಿದರೆ, ಎಲ್ಲರೂ ನನ್ನ ಹತ್ತಿರ ಓಡಿ ಬನ್ನಿ ಅಂತ. ಉದ್ದುದ್ದವಾಗಿ ನಿಧಾನಕ್ಕೆ ಊದಿದರೆ, ಚದುರಿ, ದೂರ ಹೋಗಿ ಅಂತ. ಮೈದಾನದಲ್ಲಿ ದಿನಾ ಇದೇ ಅಭ್ಯಾಸ. ಗಿಡ್ಡ ಸೀಟಿಗೆ ಕೊನೆಯಲ್ಲಿ ಬಂದವನು ಮೈದಾನ ಸುತ್ತಬೇಕು. ಬಂದು ಸಾಲು ನಿಂತ ಮೇಲೆ ತುಟಿ ಬಿಚ್ಚುವ ಹಾಗಿಲ್ಲ. ಇನ್ನೊಂದು ಸೀಟಿ ಆಗುವವರೆಗೆ ಕದಲುವ ಹಾಗಿಲ್ಲ. ಗುಡಾಣ ಸುತ್ತಿ ಸುತ್ತಿಯೇ ಮೈದಾನದ ಅಂಚಿನಲ್ಲಿ ದಾರಿ ಬಿದ್ದಿತ್ತು.

ಹೊಸ ಲೀಡರ್ ಆದವನು ಒಂದು ಸೇವೆಯ ಕೆಲಸ ಹುಡುಕಬೇಕು. ಅವನೇ ಯೋಚಿಸಿ, ಅವನೇ ನಿಂತು ಮಾಡಿಸಬೇಕು. ಮೇಷ್ಟ್ರು ಇಂಥದ್ದು ಮಾಡು ಅನ್ನುವುದಿಲ್ಲ. ಹುಡುಗನಿಗೆ ಊಟ ಸೇರಲಿಲ್ಲ. ಸಸಿ ನೆಡೋಣ ಅಂದುಕೊಂಡ, ಸಸಿ ಸತ್ತರೆ ಅಂತ ಹೆದರಿದ. ಶಾಲೆಗೆ ಸುಣ್ಣ ಬಳಿಯೋಣ ಅಂದುಕೊಂಡ, ಏಣಿ ನೆನಪಾಯಿತು.

ಕೊನೆಗೆ ಕೆಲಸ ತಾನಾಗಿಯೇ ಬಂತು. ಅಜ್ಜಿಯ ಕಣ್ಣಿಗೆ ಮದ್ದು ಹಾಕಿಸಲು ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಹೋಗುವುದು ಲಾರಿ ರಸ್ತೆಯಲ್ಲಿ. ಒಂದು ದಿನ ಲಾರಿಯೊಂದು ಎಷ್ಟು ಹತ್ತಿರ ಬಂತೆಂದರೆ, ಅಜ್ಜಿಯ ಕೈಯಲ್ಲಿದ್ದ ಚೀಲವನ್ನು ಕಿತ್ತುಕೊಂಡು ಹೋಯಿತು. ಅಜ್ಜಿ ಖಾಲಿ ಕೈ ನೋಡಿಕೊಂಡಳು.

"ಅಯ್ಯೋ, ಕನ್ನಡಕ ಅದರಲ್ಲೇ ಇತ್ತು. ಲಾರಿಯೋನಿಗಾದ್ರೂ ಇನ್ಮೇಲೆ ಕಣ್ಣು ಕಾಣ್ಲಿ ಬಿಡು" ಅಂದಳು.

ಅವನಿಗೆ ನಗು ಬರಲಿಲ್ಲ. ಕಿತ್ತುಕೊಂಡದ್ದು ಚೀಲ. ಅಜ್ಜಿಯ ಕೈಯಾಗಿದ್ದರೆ? ಮನೆಗೆ ಬರುವವರೆಗೂ ಅವಳ ಮೊಣಕೈ ಬಿಡಲಿಲ್ಲ.

ಆಸ್ಪತ್ರೆಗೆ ಇನ್ನೊಂದು ದಾರಿ ಇತ್ತು. ಶಾಲೆಯ ಪಕ್ಕದಿಂದ ಹೊರಟು ಆಸ್ಪತ್ರೆಯ ಗೇಟಿನ ಎದುರಿಗೇ ಬೀಳುವ ಒಂದು ಓಣಿ. ಒಂದು ಕಡೆ ಮುಚ್ಚಿಹೋದ ನೂಲಿನ ಗೋದಾಮಿನ ಹಿಂಗೋಡೆ, ಇನ್ನೊಂದು ಕಡೆ ಮನೆಗಳ ಬೆನ್ನು. ನಡುವೆ ಒಂದು ತಿರುವು. ತಿರುವಿನಾಚೆ ವರ್ಷಗಟ್ಟಲೆ ಎಲ್ಲರೂ ಕಸ, ಬೂದಿ, ಒಡೆದ ಹೆಂಚು ಸುರಿದು ಓಣಿ ಕಟ್ಟಿಹೋಗಿತ್ತು. ದೊಡ್ಡವರು ದಾಟುವ ಹಾಗಿರಲಿಲ್ಲ. ಅದನ್ನು ತೆಗೆದರೆ ಅಜ್ಜಿ ಲಾರಿ ರಸ್ತೆ ತುಳಿಯಬೇಕಾಗಿಲ್ಲ. ಅವಳಂಥ ಮುದುಕರು ಇನ್ನೂ ಎಷ್ಟೋ ಮಂದಿ ಇದ್ದರು.

ಮೇಷ್ಟ್ರಿಗೆ ಹೇಳಿದ. ಅವರು ಆಗಲಿ ಅಂದರು. "ಮೊದಲು ಒಬ್ಬನೇ ಹೋಗಿ ಕೊನೆಯಿಂದ ಕೊನೆಗೆ ನೋಡಿ ಬಾ. ಲೀಡರ್ ನೋಡದ ಜಾಗಕ್ಕೆ ಬೇರೆಯವರನ್ನ ಕರ್ಕೊಂಡು ಹೋಗಬಾರದು."

ಶಾಲೆ ಬಿಟ್ಟ ಮೇಲೆ ಹೋದ. ಬಿಸಿಲಿತ್ತು. ತಿರುವಿನವರೆಗೆ ಗೋಡೆ ಮುಟ್ಟುತ್ತ ಮುಟ್ಟುತ್ತ ನಡೆದ. ಗೋಡೆ ಗಟ್ಟಿಯಾಗಿತ್ತು. ತಿರುವಿನಲ್ಲಿ ಇಣುಕಿದ. ಕಸದ ಗುಡ್ಡೆ ಎದೆ ಮಟ್ಟ ಗೋಡೆಗೆ ಒರಗಿ ಕೂತಿತ್ತು. ಅದರಾಚೆ ನೆರಳು. ನೆರಳೊಳಗೆ ಏನೋ ಟಕ್ ಅಂದಿತು. ಉಸಿರು ಹಿಡಿದು ನಿಂತ. ಮತ್ತೆ ಟಕ್ ಅಂದಿತು. ಯಾರೋ ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ. ಅಲ್ಲಿ ಬಾಗಿಲಿರಲಿಲ್ಲ.

ಓಡಿಬಂದ. ಚಪ್ಪಲಿ ಒಂದು ಅಲ್ಲೇ ಬಿತ್ತು. ಅದನ್ನು ತರಲೂ ಹೋಗಲಿಲ್ಲ.

"ಕೊನೇವರೆಗೆ ನೋಡಿದ್ಯಾ?" ಮೇಷ್ಟ್ರು ಕೇಳಿದರು.

"ನೋಡ್ದೆ ಸಾರ್."

"ಗೋಡೆ ಹೇಗಿದೆ?"

"ನೆಟ್ಟಗಿದೆ ಸಾರ್."

ತಿರುವಿನವರೆಗೆ ನೆಟ್ಟಗಿತ್ತು. ಆಚೆಯದೂ ಅದೇ ಗೋಡೆ ತಾನೇ, ಅಲ್ಲಿ ಮಾತ್ರ ಬೇರೆ ಯಾಕಿರುತ್ತದೆ ಅಂತ ತನಗೆ ತಾನೇ ಹೇಳಿಕೊಂಡ.

ಭಾನುವಾರ ಬೆಳಿಗ್ಗೆ ಹೊರಡುವಾಗ ಬಾಲಂಗೋಚಿಯೂ ಹೊರಟಳು. "ಇವತ್ತು ಬೇಡ" ಅಂದ. ಅಜ್ಜಿಯೂ ಬೇಡ ಅಂದಳು. ತಂಗಿ ಸುಮ್ಮನೆ ಕೂತಳು. ಸುಮ್ಮನೆ ಕೂತರೆ ಒಪ್ಪಿದಳು ಅಂತಲ್ಲ, ಅದು ಅವನಿಗೆ ಗೊತ್ತಿರಬೇಕಿತ್ತು.

ಇಬ್ಬಿಬ್ಬರ ಜೋಡಿ ಮಾಡಿದ. ಒಂದು ಜೋಡಿಗೆ ಗುದ್ದಲಿ, ಇನ್ನೊಂದಕ್ಕೆ ಸಲಿಕೆ, ಉಳಿದವರಿಗೆ ಬುಟ್ಟಿ. ತುಂಬಿದ ಬುಟ್ಟಿ ಕೈಯಿಂದ ಕೈಗೆ ದಾಟಿ ಓಣಿಯ ಬಾಯಿಗೆ ಹೋಗಬೇಕು. ಶುರುವಾದ ಸ್ವಲ್ಪ ಹೊತ್ತಿಗೆ ಕೆಲಸ ತಾಳಕ್ಕೆ ಬಿತ್ತು. ಯಾರೂ ಅವನನ್ನು ಪುಕ್ಕಲ ಅನ್ನಲಿಲ್ಲ. "ಲೀಡರ್, ಇದನ್ನೆಲ್ಲಿ ಹಾಕ್ಲಿ?" ಅಂತ ಕೇಳಿದರು. ಅವನು ಕೈ ತೋರಿಸಿದ ಕಡೆಗೆ ಹಾಕಿದರು. ಇದು ಇಷ್ಟೇನಾ ಅನ್ನಿಸಿತು. ಮೇಷ್ಟ್ರು ಕಸ ಸಾಗಿಸಲು ಕೈಗಾಡಿ ತರುತ್ತೇನೆ ಅಂತ ಹೋದರು. ಹೋಗುವಾಗ ಅವನ ಬೆನ್ನು ತಟ್ಟಿದರು.

ಆಮೇಲೆ ತಿರುವು ಬಂತು.

ಗುಡಾಣ ಗುದ್ದಲಿ ಹೆಗಲ ಮೇಲಿಟ್ಟು ಮೊದಲು ನುಗ್ಗಿದ. ಅಷ್ಟು ಜನರ ಗದ್ದಲದಲ್ಲಿ ಟಕ್ ಸದ್ದು ಕೇಳುವ ಹಾಗಿರಲಿಲ್ಲ. ಹುಡುಗನೂ ಹಿಂದೆಯೇ ಹೋದ. ಗುಡ್ಡೆಯನ್ನು ಮೇಲಿನಿಂದ ತೆಗೆಯಬೇಕಿತ್ತು. ಗುಡಾಣ ಬುಡಕ್ಕೆ ಕೈ ಹಾಕಿದ.

"ಬುಡ ಕಿತ್ರೆ ಮೇಲಿಂದು ತಾನೇ ಬೀಳುತ್ತೆ, ಲೀಡರ್. ಮೈ ನೋವಿಲ್ಲದ ಕೆಲಸ."

ಬುಟ್ಟಿ ಮೇಲೆ ಬುಟ್ಟಿ ಹೋಯಿತು. ಗುಡ್ಡೆ ಗೋಡೆಯಿಂದ ಬಿಡಿಸಿಕೊಂಡಿತು. ಆಗ ಹುಡುಗ ತಲೆ ಎತ್ತಿ ನೋಡಿದ.

ಗೋಡೆ ಹೊಟ್ಟೆ ಬಿಟ್ಟಿತ್ತು. ಮೇಲಿನಿಂದ ಕೆಳಗಿನವರೆಗೆ ಓಣಿಯ ಕಡೆಗೆ ಉಬ್ಬಿಕೊಂಡು ನಿಂತಿತ್ತು. ಇಷ್ಟು ವರ್ಷ ಅದನ್ನು ಹಿಡಿದುಕೊಂಡಿದ್ದದ್ದೇ ಆ ಕಸ. ಇಟ್ಟಿಗೆಯ ಸಂದಿನಿಂದ ಮಣ್ಣು ಸಣ್ಣಗೆ ಸುರಿಯುತ್ತಿತ್ತು, ಸೋರುವ ಹಿಟ್ಟಿನ ಚೀಲದ ಹಾಗೆ. ಅವನು ನೋಡುತ್ತಿದ್ದ ಹಾಗೇ ಒಂದು ಬಿರುಕು ಬೆರಳು ತೂರುವಷ್ಟು ಬಾಯಿ ತೆರೆಯಿತು.

ಓಡಿ ಅನ್ನಬೇಕಿತ್ತು. ದನಿ ಬರಲಿಲ್ಲ. ಕೈ ಸೀಟಿ ಹುಡುಕಿತು. ಬಾಯಿಗಿಟ್ಟು ಊದಿದ. ಎದೆ ಡವಡವ ಅನ್ನುತ್ತಿತ್ತು, ಉಸಿರು ಅದರ ಹಾಗೇ ಬಂತು. ಪೀ ಪೀ ಪೀ ಪೀ. ಗಿಡ್ಡ ಗಿಡ್ಡ, ಬೇಗ ಬೇಗ.

ಎಲ್ಲರೂ ಅವನ ಹತ್ತಿರ ಓಡಿ ಬಂದರು.

ಓಣಿಯ ಬಾಯಲ್ಲಿ ಬಿಸಿಲಲ್ಲಿ ಕ್ಷೇಮವಾಗಿ ನಿಂತಿದ್ದವರು ಬುಟ್ಟಿ ಎಸೆದು ಓಡಿ ಬಂದರು. ತಿರುವಿನಲ್ಲಿದ್ದವರು ಬಂದರು. ಚಿಕ್ಕವರು ದೊಡ್ಡವರನ್ನು ತಳ್ಳಿಕೊಂಡು ಬಂದರು, ಕೊನೆಯವನಾದರೆ ಮೈದಾನ ಸುತ್ತಬೇಕಲ್ಲ. ಗುಡಾಣನಿಗೆ ಅವತ್ತು ಖುಷಿಯೋ ಖುಷಿ, ಅವನೇ ಮೊದಲಿಗ. ಬಂದು ಉಬ್ಬಿದ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಸಾಲು ನಿಂತರು. ಕೈ ಪಕ್ಕಕ್ಕೆ. ತುಟಿ ಬಿಗಿದು. ಅಭ್ಯಾಸದಲ್ಲಿ ಕೂಡ ಅಷ್ಟು ಚೆನ್ನಾಗಿ ಯಾವತ್ತೂ ನಿಂತಿರಲಿಲ್ಲ.

ಅವನು ಕೈ ಆಡಿಸಿದ. ಅವರು ಕದಲಲಿಲ್ಲ. ಮತ್ತೆ ಊದಿದ. ಮತ್ತೆ ಪೀ ಪೀ ಪೀ. ಅವರು ಇನ್ನೂ ಒತ್ತಾಗಿ, ಇನ್ನೂ ಹತ್ತಿರ ನಿಂತರು. ಗುಡಾಣನ ಟೋಪಿಯ ಮೇಲೆ ಮಣ್ಣು ಬೀಳುತ್ತಿತ್ತು. ಅವನು ಕಣ್ಣು ಮಿಟುಕಿಸಿದ, ಕೈ ಎತ್ತಲಿಲ್ಲ.

ಆಗ ಗುಡ್ಡೆಯ ಆಚೆ ಕಡೆಯಿಂದ ಒಂದು ತಲೆ ಕಾಣಿಸಿತು. ಬಾಲಂಗೋಚಿ. ಎರಡೂ ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಗುಡ್ಡೆ ಹತ್ತಿ ನಿಂತಿದ್ದಳು. ಅವಳಿಗೆ ಯಾವ ಸೀಟಿಯೂ ಗೊತ್ತಿಲ್ಲ. ಅವಳನ್ನು ಯಾರೂ ಮೈದಾನದಲ್ಲಿ ಓಡಿಸಿರಲಿಲ್ಲ.

"ಅಣ್ಣಾ, ನೀರು" ಅಂದಳು.

ಅವನಿಗೆ ಒಲೆ ನೆನಪಾಯಿತು. ಯಾಕೆ ಅಂದರೆ ಅವನೂ ಹೇಳಲಾರ. ಬೂದಿ, ಕೊಳವೆ, ಅಜ್ಜಿಯ ಕೈ ಬೆನ್ನ ಮೇಲೆ. ಒಳಗಿರೋದನ್ನೆಲ್ಲ ಮೊದಲು ಹೊರಗೆ ಬಿಡು. ಗೋಡೆಯ ಬುಡದಲ್ಲಿ ನಿಂತು, ಎಲ್ಲರೂ ನೋಡುತ್ತಿರುವಾಗ, ಅವನು ಉಸಿರು ಬಿಟ್ಟ. ಹೊಟ್ಟೆ ಬೆನ್ನಿಗೆ ಅಂಟುವವರೆಗೆ ಬಿಟ್ಟ. ಅಷ್ಟು ಹೊತ್ತು ಕಾಯುವುದು ಓಡುವುದಕ್ಕಿಂತ ಕಷ್ಟ. ಆಮೇಲೆ ತುಂಬಿಕೊಂಡ. ಊದಿದ.

ಉದ್ದ ಸೀಟಿ. ಇನ್ನೊಂದು. ಇನ್ನೊಂದು.

ಸಾಲು ಒಡೆಯಿತು. ಕಲ್ಲು ಬಿದ್ದ ಗುಬ್ಬಿ ಹಿಂಡಿನ ಹಾಗೆ ಓಣಿಯ ಬಾಯಿಯ ಕಡೆ ಹಾರಿದರು. ಅವನು ಗುಡ್ಡೆಯ ಕಡೆ ಕೈ ಚಾಚಿದ. ಒಂದು ಸಣ್ಣ ಕೈ ಸಿಕ್ಕಿತು. ಹಿಡಿದು ಎಳೆದುಕೊಂಡು ಓಡಿದ. ಹಿಂದೆ ಗೋಡೆ ಒಮ್ಮೆ ನಿಟ್ಟುಸಿರು ಬಿಟ್ಟ ಹಾಗೆ ಸದ್ದು ಮಾಡಿ ಕೂತಿತು. ಧೂಳು ಅವನನ್ನು ಹಿಂದಿನಿಂದ ನೂಕಿತು.

ಬಿಸಿಲಿಗೆ ಬಂದು ಕಣ್ಣು ಉಜ್ಜಿಕೊಂಡ. ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ. ತಿರುಗಿ ನೋಡಿದ. ಅದು ಗುಂಪಿನ ಎಲ್ಲರಿಗಿಂತ ಚಿಕ್ಕ ಹುಡುಗನ ಕೈ. ಆ ಹುಡುಗ ಕೆಮ್ಮುತ್ತಿದ್ದ.

ಜೋಡಿ ಜೋಡಿ ಎಣಿಸಿದರು. ಎಲ್ಲ ಜೋಡಿಯೂ ಇತ್ತು. ಬಾಲಂಗೋಚಿಗೆ ಜೋಡಿ ಇರಲಿಲ್ಲ.

ಅವನು ಒಳಗೆ ಓಡಿದ. ಇಟ್ಟಿಗೆ ಗುಡ್ಡೆ ಅವನಿಗಿಂತ ಎತ್ತರವಿತ್ತು. ಕೈಯಿಂದಲೇ ಕೀಳತೊಡಗಿದ. ಗುಡಾಣ ಬಂದು ಪಕ್ಕದಲ್ಲಿ ಕೂತು ಕಿತ್ತ. ಎಲ್ಲರೂ ಬಂದು ಕಿತ್ತರು. ಯಾರೂ ಸೀಟಿ ಊದಿರಲಿಲ್ಲ. ಇಟ್ಟಿಗೆ ಬೀಳುವ ಸದ್ದು, ಯಾರೋ ಮೂಗು ಎಳೆಯುವ ಸದ್ದು. ಅವನು ಒಂದೊಂದು ಇಟ್ಟಿಗೆ ಎತ್ತುವಾಗಲೂ ಕಣ್ಣು ಮುಚ್ಚುತ್ತಿದ್ದ. ಕೆಳಗೆ ಬಟ್ಟೆ ಕಂಡರೆ? ಅವಳು ಹಾಕಿದ್ದ ಲಂಗದ ಬಣ್ಣ ಯಾವುದು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಜ್ಜಿಗೆ ಏನು ಹೇಳುವುದು ಅನ್ನುವುದು ತಲೆಗೆ ಬಂತು. ಅದನ್ನು ಪೂರ್ತಿ ಯೋಚಿಸಲು ಆಗಲಿಲ್ಲ.

"ಅಣ್ಣಾ."

ದನಿ ಹಿಂದಿನಿಂದ ಬಂತು. ಓಣಿಯ ಬಾಯಲ್ಲಿ, ಬಿಸಿಲಲ್ಲಿ, ತಂಬಿಗೆ ಬೋರಲು ಹಿಡಿದು ನಿಂತಿದ್ದಳು.

"ನೀರೆಲ್ಲ ಚೆಲ್ಲೋಯ್ತು" ಅಂದಳು. "ಆ ಕಡೆಯಿಂದ ಬಂದಿದ್ದೆ, ಗೋಡೆ ಅಲ್ಲಾಡ್ತು, ಆ ಕಡೆಗೇ ಓಡ್ದೆ. ಆಮೇಲೆ ಲಾರಿ ರಸ್ತೇಲಿ ಸುತ್ಕೊಂಡು ಬಂದೆ. ನೀವೆಲ್ಲ ಏನು ಹುಡುಕ್ತಿದೀರಾ?"

ಅವನು ಇಟ್ಟಿಗೆಯ ಮೇಲೆ ಕುಸಿದು ಕೂತ. ಖಾಕಿ ಚಡ್ಡಿ ಒದ್ದೆಯಾಯಿತು. ಅವನಿಗೆ ಗೊತ್ತಾಯಿತು, ಎಲ್ಲರಿಗೂ ಗೊತ್ತಾಯಿತು. ಗುಡಾಣ ಹೋಗಿ ಕುಡಿಯುವ ನೀರಿನ ಬಕೆಟ್ ತಂದ. ತಂದು ಅವನ ತಲೆಯ ಮೇಲಿಂದ ಪೂರ್ತಿ ಸುರಿದ.

"ಲೀಡರ್‌ಗೆ ಸೆಕೆ" ಅಂದ.

ಯಾರೂ ನಗಲಿಲ್ಲ. ಆಮೇಲೂ ಆ ವಿಷಯ ಯಾರೂ ಎತ್ತಲಿಲ್ಲ.

ಮೇಷ್ಟ್ರು ಕೈಗಾಡಿ ತಳ್ಳಿಕೊಂಡು ಬಂದರು. ಬಿದ್ದ ಗೋಡೆ ನೋಡಿದರು. ಒಬ್ಬೊಬ್ಬರ ತಲೆಯನ್ನೂ ಕೈಯಿಂದ ಮುಟ್ಟಿ ಮುಟ್ಟಿ ನೋಡಿದರು. ಕೊನೆಗೆ ಅವನ ಮುಂದೆ ನಿಂತರು.

"ಎಲ್ಲಿವರೆಗೆ ನೋಡಿದ್ದೆ?"

"ತಿರುವಿನವರೆಗೆ, ಸಾರ್."

ಅವನು ಸೀಟಿಯ ದಾರವನ್ನು ಕೊರಳಿನಿಂದ ತೆಗೆದು ಚಾಚಿದ. ಮೇಷ್ಟ್ರು ತೆಗೆದುಕೊಳ್ಳಲಿಲ್ಲ.

"ನಾನೂ ನಿನ್ನ ಬಾಯಿ ನಂಬಿ ಹೋಗಿ ನೋಡ್ಲಿಲ್ಲ" ಅಂದರು. "ಇನ್ನು ಈ ಇಟ್ಟಿಗೆ ತೆಗೀಬೇಕು. ನಡಿ, ಇಬ್ಬರೂ ನೋಡೋಣ. ಮುಂದೆ ನೀನು ನಡಿ."

ಬಿದ್ದ ಇಟ್ಟಿಗೆ ಹತ್ತಿ ಇಳಿದು ಅವನು ಆ ನೆರಳಿನೊಳಗೆ ಹೋದ. ಮೈಯೆಲ್ಲ ನೀರು ತೊಟ್ಟಿಕ್ಕುತ್ತಿತ್ತು. ತಂಗಿ ಬೇಡ ಅಂದರೂ ಹಿಂದೆಯೇ ಬಂದಳು. ಟಕ್ ಅಂದಿತು. ಅವನು ನಿಂತ.

"ಅದು ತಗಡು" ಅಂದಳು ತಂಗಿ. "ಗಾಳಿಗೆ ಬಡ್ಕೊಳತ್ತೆ. ಕೆಳಗೆ ಬೆಕ್ಕು ಮರಿ ಹಾಕಿದೆ. ನಾನು ದಿನಾ ನೋಡೋಕೆ ಬರ್ತೀನಿ. ನಿನ್ನ ಚಪ್ಪಲೀನೂ ಇಲ್ಲೇ ತಂದಿಟ್ಟಿದೀನಿ. ಮರಿ ಅದ್ರಲ್ಲಿ ಮಲಗತ್ತೆ."

ಗೋದಾಮಿನವರು ಒಬ್ಬ ಗಾರೆ ಕೆಲಸದವನನ್ನು ಕಳಿಸಿ ಉಳಿದ ಗೋಡೆ ಕೆಡವಿಸಿದರು. ಇಟ್ಟಿಗೆ ತೆಗೆಯಲು ಎಷ್ಟೋ ಭಾನುವಾರ ಹಿಡಿಯಿತು. ಅವನೇ ಮಾಡಿಸಿದ. ಒಂದೊಂದು ದಿನವೂ ಹೆದರಿಕೊಂಡೇ ಹೋದ, ಹೆದರಿಕೊಂಡೇ ಬಂದ. ಕೊನೆಗೆ ಅಜ್ಜಿ ಆ ಓಣಿಯಲ್ಲಿ ನಡೆದು ಆಸ್ಪತ್ರೆಗೆ ಹೋದಳು. "ಓಣಿ ಚೆನ್ನಾಗಿದೆ. ಆದ್ರೆ ಲಾರಿ ಇಲ್ದೆ ಬೇಜಾರು" ಅಂದಳು.

ಅವನು ದೊಡ್ಡವನಾಗಿ ಬಸ್ ಕಂಡಕ್ಟರ್ ಆದ. ಅಲ್ಲೂ ಸೀಟಿ. ಪ್ರತಿ ಸ್ಟಾಪಿನಲ್ಲೂ ಕೆಳಗಿಳಿದು ಬಸ್ಸಿನ ಹಿಂದೆ ಹೋಗಿ, ಚಕ್ರದ ಹತ್ತಿರ ಬಗ್ಗಿ, ಆಮೇಲೆ ಊದುತ್ತಿದ್ದ. ಮಳೆಯಲ್ಲೂ ಇಳಿಯುತ್ತಿದ್ದ. ಅವನ ಬಸ್ಸು ಯಾವತ್ತೂ ತಡ.

"ಚಕ್ರದ ಕೆಳಗೆ ನಿಧಿ ಇದೆಯೇನಯ್ಯಾ?" ಅನ್ನುತ್ತಿದ್ದ ಡ್ರೈವರ್.

"ಇಲ್ಲ ಅಂತ ನೋಡ್ಕೊಂಡು ಬಂದೆ. ಹೋಗು" ಅನ್ನುತ್ತಿದ್ದ.

ಮನೆಯಲ್ಲಿ ಹೆಂಡತಿ ಬೈಯುತ್ತಿದ್ದಳು. ಗ್ಯಾಸ್ ಆರಿಸಿದ್ದು ಎರಡು ಸಲ ನೋಡುವುದು, ಮಕ್ಕಳು ಸ್ವಲ್ಪ ತಡವಾದರೆ ಬೀದಿ ಬಾಗಿಲಲ್ಲಿ ನಿಲ್ಲುವುದು. ಹೆದರಿ ಹೆದರಿ ಸಾಯ್ತೀಯಾ ಅಂದಿದ್ದಳು. ಹಾಗಾಗಲಿಲ್ಲ. ಎದೆಯ ಕಾಯಿಲೆ ಬಂತು.

ಕೊನೆಯ ದಿನ ಮಧ್ಯಾಹ್ನ ಉಸಿರು ಚಿಕ್ಕದಾಯಿತು. ಗಿಡ್ಡ ಗಿಡ್ಡ, ಬೇಗ ಬೇಗ. ಹೆಂಡತಿ ಮಕ್ಕಳನ್ನು ಕರೆಸಿದಳು. ಬಾಲಂಗೋಚಿ ಮೊಮ್ಮಗಳ ಕೈ ಹಿಡಿದುಕೊಂಡು ಬಂದಳು. ಗುಡಾಣನೂ ಬಂದ, ಈಗ ಕೋಲೂರಿಕೊಂಡು. ಎಲ್ಲರೂ ಮಂಚದ ಸುತ್ತ ಒತ್ತಾಗಿ ನಿಂತರು. ಯಾರೂ ಮಾತಾಡಲಿಲ್ಲ. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಕಣ್ಣಲ್ಲಿ ಹೆದರಿಕೆ ಇತ್ತು. ಇತ್ತು, ಇಲ್ಲ ಅಂತ ಸುಳ್ಳು ಯಾಕೆ ಬರೆಯಬೇಕು.

"ಪೂರ್ತಿ ಬಿಡು" ಅಂದಳು ತಂಗಿ ಅವನ ಕಿವಿಯ ಹತ್ತಿರ ಬಗ್ಗಿ. "ಮೊದಲು ಪೂರ್ತಿ ಬಿಡು ಅಣ್ಣ."

ಅವನು ಬಿಟ್ಟ. ಉದ್ದಕ್ಕೆ, ನಿಧಾನಕ್ಕೆ.

ಸ್ವಲ್ಪ ಹೊತ್ತಿನ ಮೇಲೆ ಒಬ್ಬೊಬ್ಬರಾಗಿ ಕೋಣೆಯಿಂದ ಹೊರಗೆ ಹೋದರು. ಹೆಂಡತಿ ಕದಲಲಿಲ್ಲ. ಅವಳು ಮಂಚದ ಪಕ್ಕದಲ್ಲೇ ನಿಂತಿದ್ದಳು.